ಕಳ್ಳದೋಣಿಗೆ ಹುಟ್ಟು ಹಾಕುವವರು

ಗೋವಾದಲ್ಲಿ ತುಂಬಿದ ಮದ್ಯದ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಗೋವಾ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ. ಆ ಸಾಲನ್ನು ಹೊತ್ತುಕೊಂಡೇ ಬಾಟಲಿ ಮಾಜಾಳಿ ಗಡಿ ದಾಟುತ್ತದೆ, ಕಾಳಿ ನದಿ ದಾಟುತ್ತದೆ, ಅರಬೈಲ್ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಹತ್ತಿ ನಮ್ಮ ಕಡೆಗೆ ಬರುತ್ತದೆ. ಭೈರುಂಬೆ ಸುತ್ತಿನ ಅಡಿಕೆ ಸೀಮೆಯಲ್ಲಾಗಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೇರೆ ಯಾವ ಮೂಲೆಯಲ್ಲಾಗಲಿ ಇದು ಗುಟ್ಟಾಗಿ ಉಳಿದಿಲ್ಲ. ಮದುವೆಮನೆಯಲ್ಲಿ ಮೊದಲ ಪಂಕ್ತಿ ಏಳುವ ಹೊತ್ತಿಗೆ ಕೊಟ್ಟಿಗೆಯಾಚೆ ನಿಲ್ಲಿಸಿದ ಕಾರಿನ ಡಿಕ್ಕಿ ಒಮ್ಮೆ ತೆರೆದು ಮುಚ್ಚುತ್ತದೆ. ನೋಡಿದವರು ನೋಡದವರಂತೆ ಕವಳದ ಬಟ್ಟಲಿನ ಕಡೆ ತಿರುಗುತ್ತಾರೆ. ಯಾರಾದರೂ ಹಿರಿಯರು ಗೊಣಗಿದರೆ ಉತ್ತರ ಸಿದ್ಧವಾಗಿರುತ್ತದೆ: "ಎಂತಾ ಆಗ್ತಿಲ್ಲೆ ಭಾವ. ಎಲ್ಲರೂ ತತ್ತ, ನಂಗ ಒಬ್ಬರೇನಾ? ಇಲ್ಲಿನ ರೇಟು ಗೊತ್ತಿದ್ದನಾ?"

ಗಡಿಯಲ್ಲಿ ಅಬಕಾರಿಯವರು ಗೋವಾ ಮದ್ಯ ಹಿಡಿದ ಸುದ್ದಿ ಜಿಲ್ಲೆಯ ಪುಟದಲ್ಲಿ ಆಗಾಗ ಬರುತ್ತದೆ. ಸಾಲಾಗಿ ಜೋಡಿಸಿದ ಪೆಟ್ಟಿಗೆಗಳು, ಹಿಂದೆ ನಿಂತ ಸಿಬ್ಬಂದಿ, ಪಕ್ಕದಲ್ಲಿ ತಲೆ ತಗ್ಗಿಸಿದ ಒಬ್ಬ ಹುಡುಗ. ನಾವು ಅದನ್ನು ಕರಾವಳಿಯ ಸುದ್ದಿ ಎಂದು ಓದಿ ಮಡಿಸಿಡುತ್ತೇವೆ. ಘಟ್ಟದ ಮೇಲಿನವರಿಗೆ ಸಮುದ್ರದ ವ್ಯವಹಾರ ಬೇರೆಯವರದ್ದು ಎನ್ನಿಸುವುದು ರೂಢಿ. ಆದರೆ ಸಹಸ್ರಲಿಂಗದ ಕಲ್ಲುಗಳನ್ನು ತೊಳೆದ ಶಾಲ್ಮಲೆಯ ನೀರು ಬೇಡ್ತಿಗೆ ಸೇರಿ, ಗಂಗಾವಳಿಯಾಗಿ ಅಂಕೋಲೆ ಸೀಮೆಯ ಕಡಲಿಗೆ ಇಳಿಯುತ್ತದೆ. ನೀರು ಇಳಿದ ದಿಕ್ಕಿನಿಂದಲೇ ಮಾಲು ಮೇಲೇರುತ್ತದೆ. ಒಂದು ಕಳ್ಳದೋಣಿ ದಂಡೆ ಬಿಡಬೇಕಾದರೆ ಅದಕ್ಕೂ ಮೊದಲು ಎಲ್ಲೋ ಒಂದು ಜಗಲಿಯಲ್ಲಿ ಕುಳಿತವನು "ನಂಗೂ ಎರಡು ಪೆಟ್ಟಿಗೆ ಇರ್ಲಿ" ಎಂದಿರಬೇಕು. ದೋಣಿಯವನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನ್ನ ಚಿಂತೆ ಜಗಲಿಯವನ ಕುರಿತು.

ಈ ವ್ಯವಹಾರಕ್ಕೆ ಹಳೆಯ ಬೇರಿದೆ. ಉತ್ತರ ಕನ್ನಡ ಆಗ ಮುಂಬಯಿ ಸರ್ಕಾರದ ಆಡಳಿತದಲ್ಲಿತ್ತು. ಮುಂಬಯಿ ಸರ್ಕಾರ 1949ರಲ್ಲಿ ಪಾನನಿರೋಧ ಕಾಯ್ದೆ ಮಾಡಿತು. 1950ರ ಏಪ್ರಿಲ್ 6ರಿಂದ ರಾಜ್ಯದಲ್ಲೆಲ್ಲ ಸಂಪೂರ್ಣ ಪಾನನಿರೋಧ ಜಾರಿಗೆ ಬಂತು. ಮೊರಾರ್ಜಿ ದೇಸಾಯಿ ಗೃಹಮಂತ್ರಿಯಾಗಿದ್ದ ಕಾಲ ಅದು. ದಂಡಿಯ ದಡದಲ್ಲಿ ಗಾಂಧೀಜಿ ಉಪ್ಪು ಎತ್ತಿ ಅಂದಿಗೆ ಸರಿಯಾಗಿ 20 ವರ್ಷವಾಗಿತ್ತು. 1950ರ ಜನವರಿಯಲ್ಲಿ ಜಾರಿಗೆ ಬಂದ ಸಂವಿಧಾನದ 47ನೇ ವಿಧಿಯೂ ಅಮಲು ಪದಾರ್ಥಗಳ ನಿಷೇಧಕ್ಕೆ ಸರ್ಕಾರ ಯತ್ನಿಸಬೇಕು ಎಂದಿತ್ತು. ಹೆಂಡದಂಗಡಿಯ ಮುಂದೆ ನಿಂತು ಪಿಕೆಟಿಂಗ್ ಮಾಡಿ, ಲಾಠಿ ತಿಂದು, ಜೈಲಿಗೆ ಹೋಗಿ ಬಂದವರೇ ಈಗ ಆಡಳಿತದಲ್ಲಿದ್ದರು. ಕುಡಿತದಿಂದ ಬೀದಿಗೆ ಬಿದ್ದ ಮನೆಗಳನ್ನು ಕಣ್ಣಾರೆ ಕಂಡವರು. ಹಾಗಾಗಿ ಆ ಕಾಯ್ದೆಯ ಹಿಂದಿನ ಆಸೆಯನ್ನು ಇವತ್ತಿನ ಜಾಣತನದಲ್ಲಿ ಕುಳಿತು ಲೇವಡಿ ಮಾಡುವುದು ನನಗೆ ಹಿಡಿಸುವುದಿಲ್ಲ.

ತೊಡಕಿದ್ದದ್ದು ನಮ್ಮ ಜಿಲ್ಲೆಯ ಭೂಗೋಳದಲ್ಲಿ. ಮಾಜಾಳಿಯ ಆಚೆ ಇದ್ದದ್ದು ಬೇರೆ ರಾಜ್ಯವಲ್ಲ, ಬೇರೆ ದೇಶವೇ. ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿ ಗೇರುಹಣ್ಣು ಹಿಂಡಿ ಉರಾಕ್ ಇಳಿಸುವುದು, ಅದನ್ನೇ ಮತ್ತೊಮ್ಮೆ ಬಟ್ಟಿಗೆ ಹಾಕಿ ಫೆಣಿ ಮಾಡುವುದು ಬೇಸಿಗೆಯ ಮಾಮೂಲು ಕೆಲಸ. ಕಾರವಾರದ ದಕ್ಷಿಣಕ್ಕೆ ಬಿಣಗಾದ ಎದುರು ಬರಿಗಣ್ಣಿಗೆ ಕಾಣುವ ಅಂಜದೀವ ದ್ವೀಪದ ಮೇಲೂ ಪೋರ್ಚುಗೀಸರದೇ ಬಾವುಟ. ಒಂದೇ ಕಡಲು, ಒಂದೇ ಗಾಳಿ, ದಡದಲ್ಲಿ ಒಂದೇ ಕೊಂಕಣಿ ಮಾತು. ಆದರೆ ಒಂದು ದಡದಲ್ಲಿ ಕುಡಿತ ಅಪರಾಧ, ಇನ್ನೊಂದು ದಡದಲ್ಲಿ ಊಟದ ಭಾಗ. ಕಾಳಿ ನದಿಗೆ 1980ರ ದಶಕದವರೆಗೂ ಹೆದ್ದಾರಿಯ ಸೇತುವೆ ಇರಲಿಲ್ಲ. ಸದಾಶಿವಗಡದ ಕಡೆಯಿಂದ ಕೋಡಿಬಾಗಕ್ಕೆ ಬರುವವರು ನೀರಿನ ಮೇಲೇ ಬರಬೇಕಿತ್ತು. ಅಕ್ಕಿ, ಮೀನು, ಮದುವೆ ದಿಬ್ಬಣ ಎಲ್ಲವೂ ದೋಣಿಯಲ್ಲೇ. ಅದರ ನಡುವೆ ಒಂದೆರಡು ಡಬ್ಬಿ ಫೆಣಿ ಇಟ್ಟುಕೊಂಡು ಬರುವವನನ್ನು ಹುಡುಕುವುದು ಯಾವ ಪೊಲೀಸರಿಗೂ ಸುಲಭವಿರಲಿಲ್ಲ.

ಇನ್ನು ಅಳಿವೆಗಳೋ! ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಒಂದೊಂದು ಅಳಿವೆಯ ಒಳಗೂ ಕೈಕಾಲು ಚಾಚಿದಂತೆ ಹಳ್ಳಗಳು, ಗಜನಿ ಗದ್ದೆಗಳು, ತೆಂಗಿನ ತೋಪಿನ ಹಿಂದೆ ಮರೆಯಾಗುವ ಕಿರುಗಾಲುವೆಗಳು. ಭರತದ ಹೊತ್ತಿಗೆ ಪಾತಿ ದೋಣಿಗೆ ದಾರಿಯಾಗುವ ಜಾಗ ಇಳಿತದಲ್ಲಿ ಕೆಸರು. ಸರ್ಕಾರದ ನಕಾಶೆಯಲ್ಲಿ ಇಲ್ಲದ ಆ ದಾರಿ ಮೀನುಗಾರರ ಮಕ್ಕಳಿಗೆ ಕಣ್ಣುಕಟ್ಟಿದರೂ ಗೊತ್ತು. ಹೊರ ಊರಿನಿಂದ ವರ್ಗವಾಗಿ ಬಂದ ಪೇದೆಗೆ ಈಜು ಬಂದರೆ ಪುಣ್ಯ. ಮಳೆಗಾಲದಲ್ಲಿ ಕಡಲಿಗೆ ಇಳಿಯಲಾಗದೆ ಒಲೆ ಆರುವ ಮನೆಗಳಿಗೆ ಒಂದು ರಾತ್ರಿಯ ಹುಟ್ಟು ಹಾಕುವ ಕೂಲಿ ದೊಡ್ಡ ಆಸೆಯೇ. ಕಾಯ್ದೆ ಬರೆದವರು ಕೂತಿದ್ದು ಮುಂಬಯಿಯಲ್ಲಿ, ಅದನ್ನು ಕಾಯಬೇಕಾದವನು ನಿಂತಿದ್ದು ಕೆಸರಿನಲ್ಲಿ.

1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಪಾನನಿರೋಧ ಜೊತೆಗೇ ಬಂತು. 1961ರ ನವೆಂಬರಿನಲ್ಲಿ ಅಂಜದೀವದಿಂದ ಪೋರ್ಚುಗೀಸರು ನಮ್ಮ ದೋಣಿ, ಹಡಗುಗಳ ಮೇಲೆ ಗುಂಡು ಹಾರಿಸಿದರು. ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆಯಾಯಿತು. ದೇಶದ ಗಡಿ ಅಳಿಸಿಹೋದರೂ ಮದ್ಯದ ಗಡಿ ಅಲ್ಲೇ ನಿಂತಿತು. ಕೊನೆಗೆ 1967ರ ಅಕ್ಟೋಬರ್ 1ರಿಂದ ಮೈಸೂರು ರಾಜ್ಯದ ಹೊಸ ಅಬಕಾರಿ ಕಾಯ್ದೆ ಜಾರಿಗೆ ಬಂತು, ಪಾನನಿರೋಧ ಮುಗಿಯಿತು. ಮುಗಿಯಬೇಕಾಗಿದ್ದ ಕಳ್ಳಸಾಗಣೆ ಮಾತ್ರ ಮುಗಿಯಲಿಲ್ಲ. ಮೊದಲು ಅಲ್ಲಿ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ ಎಂದು ತರುತ್ತಿದ್ದರು. ಈಗ ಅಲ್ಲಿ ತೆರಿಗೆ ಕಡಿಮೆ, ಇಲ್ಲಿ ಹೆಚ್ಚು ಎಂದು ತರುತ್ತಾರೆ. ನೀರು ತಗ್ಗು ಹುಡುಕುವಂತೆ ಮಾಲು ಹೆಚ್ಚಿನ ಬೆಲೆಯನ್ನು ಹುಡುಕಿಕೊಂಡು ಬರುತ್ತದೆ.

ಇಂಥದ್ದೇ ಕತೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಅಮೆರಿಕದಲ್ಲಿ. 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ ಇಡೀ ದೇಶದಲ್ಲಿ ಪಾನನಿಷೇಧ. ಆಗ ನ್ಯೂಯಾರ್ಕ್, ನ್ಯೂಜೆರ್ಸಿಯ ಕರೆಯಾಚೆ ಮೂರು ಮೈಲಿಯ ಗೆರೆಯ ಹೊರಗೆ ಮದ್ಯ ತುಂಬಿದ ಹಡಗುಗಳು ಸಾಲುಗಟ್ಟಿ ಲಂಗರು ಹಾಕಿ ನಿಲ್ಲುತ್ತಿದ್ದವು. ಆ ಸಾಲಿಗೆ ಜನ ಇಟ್ಟ ಹೆಸರು ರಮ್ ರೋ. ಗೆರೆಯಾಚೆ ಹಡಗನ್ನು ಮುಟ್ಟುವ ಅಧಿಕಾರ ಅಮೆರಿಕದ ಕೋಸ್ಟ್ ಗಾರ್ಡಿಗೆ ಇರಲಿಲ್ಲ. ಕತ್ತಲಾದ ಮೇಲೆ ದಡದಿಂದ ವೇಗದ ಸಣ್ಣ ದೋಣಿಗಳು ಹೋಗಿ ಮಾಲು ಇಳಿಸಿಕೊಂಡು ಬರುತ್ತಿದ್ದವು. 1924ರಲ್ಲಿ ಬ್ರಿಟನ್ನಿನೊಂದಿಗೆ ಒಪ್ಪಂದವಾಗಿ, ಹಡಗು ಒಂದು ಗಂಟೆಯಲ್ಲಿ ಸಾಗುವಷ್ಟು ದೂರದವರೆಗೆ ತಪಾಸಣೆಯ ಅಧಿಕಾರ ಸಿಕ್ಕಿತು. ಹಡಗುಗಳು ಇನ್ನಷ್ಟು ಹೊರಗೆ ಸರಿದು ನಿಂತವು. ಗೆರೆ ಸರಿದಂತೆ ಆಸೆಯೂ ಸರಿದು ನಿಂತಿತೇ ಹೊರತು ಕರಗಲಿಲ್ಲ.

ಆ ಕಾಲದ ಕಳ್ಳಸಾಗಣೆದಾರರಲ್ಲಿ ಹೆಸರುವಾಸಿ ಬಿಲ್ ಮೆಕಾಯ್. ನೀರು ಬೆರೆಸದ ಅಸಲಿ ಮಾಲು ತರುವವನೆಂದು ಖ್ಯಾತಿ. ಸ್ವತಃ ಕುಡಿಯದವನೆಂದೂ ಅವನ ಬಗ್ಗೆ ಹೇಳುತ್ತಾರೆ. 1923ರ ನವೆಂಬರಿನಲ್ಲಿ ಕೋಸ್ಟ್ ಗಾರ್ಡಿನ ಸೆನೆಕಾ ಹಡಗು ಅವನನ್ನು ಹಿಡಿಯಿತು. ಅವನು ಜೈಲಿಗೆ ಹೋದ. ಅವನ ಗಿರಾಕಿಗಳಲ್ಲಿ ಎಷ್ಟು ಮಂದಿ ಜೈಲಿಗೆ ಹೋದರು? ಕುಡಿಯುವುದು ಆ ಕಾನೂನಿನಲ್ಲಿ ಅಪರಾಧವೇ ಆಗಿರಲಿಲ್ಲ. ತಯಾರಿಸುವುದು, ಸಾಗಿಸುವುದು, ಮಾರುವುದು ಅಪರಾಧ. ತರುವವನು ಪಾಪಿ, ತರಿಸಿಕೊಂಡವನು ನೆಂಟರನ್ನು ಉಪಚರಿಸಿದ ಸಭ್ಯ ಗೃಹಸ್ಥ.

ಇನ್ನೊಬ್ಬ ರಾಯ್ ಓಲ್ಮ್‌ಸ್ಟೆಡ್. ಸಿಯಾಟಲ್ ನಗರದ ಪೊಲೀಸ್ ಲೆಫ್ಟಿನೆಂಟ್. ಕಳ್ಳಮಾಲು ಇಳಿಸುವಾಗ ಸಿಕ್ಕಿಬಿದ್ದು 1920ರಲ್ಲಿ ಕೆಲಸ ಕಳೆದುಕೊಂಡ. ಆಮೇಲೆ ಅದನ್ನೇ ವೃತ್ತಿ ಮಾಡಿಕೊಂಡು ಕೆನಡಾದಿಂದ ದೋಣಿಗಳಲ್ಲಿ ಮದ್ಯ ತರಿಸುವ ದೊಡ್ಡ ವ್ಯವಹಾರ ಕಟ್ಟಿದ. ಅವನನ್ನು ಹಿಡಿಯಲು ಸರ್ಕಾರ ಟೆಲಿಫೋನ್ ತಂತಿಗೆ ಕಿವಿಗೊಟ್ಟು ಕುಳಿತಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1928ರಲ್ಲಿ ಐವರು ನ್ಯಾಯಮೂರ್ತಿಗಳು ಸರ್ಕಾರದ ಪರ, ನಾಲ್ವರು ವಿರುದ್ಧ. ಭಿನ್ನಮತ ಬರೆದ ಲೂಯಿ ಬ್ರಾಂಡೈಸ್ ಹೇಳಿದ ತಾತ್ಪರ್ಯ ಇಷ್ಟು: ಸರ್ಕಾರವೇ ಜನರಿಗೆ ಮೇಷ್ಟ್ರು, ಅದು ಒಳ್ಳೆಯದಕ್ಕಾಗಿ ಕಾನೂನು ಮುರಿದರೂ ಜನ ಕಲಿಯುವುದು ಕಾನೂನು ಮುರಿಯುವುದನ್ನೇ. ಸೆರೆವಾಸ ಮುಗಿಸಿ ಬಂದ ಓಲ್ಮ್‌ಸ್ಟೆಡ್ ಮದ್ಯದ ವಿರೋಧಿಯಾಗಿ, ಕೈದಿಗಳ ನಡುವೆ ಕೆಲಸ ಮಾಡುವ ಧಾರ್ಮಿಕ ವ್ಯಕ್ತಿಯಾಗಿ ಬಾಳಿದ. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವನಿಗೆ ಕ್ಷಮಾದಾನ ಕೊಟ್ಟರು.

ಕಾಯುವವರ ಹಟವೂ ಎಲ್ಲೆ ಮೀರಿದ್ದುಂಟು. ಕೆನಡಾದ ಐಯಾಮ್ ಅಲೋನ್ ಎಂಬ ಹಾಯಿಹಡಗನ್ನು 1929ರ ಮಾರ್ಚಿನಲ್ಲಿ ಕೋಸ್ಟ್ ಗಾರ್ಡ್ ದಿನಗಟ್ಟಲೆ ಬೆನ್ನಟ್ಟಿ, ದಡದಿಂದ ಇನ್ನೂರು ಮೈಲಿಗೂ ಆಚೆ ಮೆಕ್ಸಿಕೋ ಕೊಲ್ಲಿಯಲ್ಲಿ ಗುಂಡಿಟ್ಟು ಮುಳುಗಿಸಿತು. ನಾವಿಕನೊಬ್ಬ ಸತ್ತ. ಆ ಹಡಗಿನ ನಿಜವಾದ ಧಣಿಗಳು ಅಮೆರಿಕದವರೇ ಎಂಬುದು ಆಮೇಲೆ ವಿಚಾರಣೆಯಲ್ಲಿ ಹೊರಬಂತು. ಆದರೂ ಮುಳುಗಿಸಿದ್ದು ತಪ್ಪೆಂದು ತೀರ್ಮಾನವಾಗಿ ಅಮೆರಿಕ ಕ್ಷಮೆ ಕೇಳಿ ಪರಿಹಾರ ಕೊಡಬೇಕಾಯಿತು. ಬಂಡವಾಳ ಹೂಡಿದ ಧಣಿ ಊರಲ್ಲಿ, ಕುಡಿಯುವವರು ಊರಲ್ಲಿ. ಕಡಲಿನಲ್ಲಿ ಸತ್ತವನು ಕೂಲಿಯ ನಾವಿಕ.

ಕಾನೂನು ಮುರಿದ ಮಾತ್ರಕ್ಕೆ ಒಬ್ಬ ಕೆಟ್ಟವನೇ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯನ್ನು ಬೇರೆಯವರು ಹೇಗೆ ಬಿಡಿಸುತ್ತಾರೋ, ನಮ್ಮ ಜಿಲ್ಲೆಯವರಿಗೆ ಉತ್ತರ ಮನೆಯಲ್ಲೇ ಇದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಅಂದು ಕೈಯಲ್ಲಿ ಹಿಡಿದ ಉಪ್ಪು ಸರ್ಕಾರದ ಲೆಕ್ಕದಲ್ಲಿ ಕಳ್ಳಮಾಲೇ. ಅದಾದ ಮೇಲೆ ಅಂಕೋಲೆ, ಸಿದ್ದಾಪುರ ಸೀಮೆಯ ರೈತರು ಕರನಿರಾಕರಣೆ ಮಾಡಿದರು. ಜಮೀನು ಜಪ್ತಿಯಾಯಿತು, ಪಾತ್ರೆ ಪಗಡೆ ಹರಾಜಾಯಿತು, ಹೆಂಗಸರೂ ಉಪವಾಸ ಕೂತರು, ಜೈಲಿಗೂ ಹೋದರು. ಅವರೂ ಕಾನೂನು ಮುರಿದವರೇ.

ಹಾಗಿದ್ದರೆ ಉಪ್ಪಿನವನಿಗೂ ಫೆಣಿಯವನಿಗೂ ಏನು ವ್ಯತ್ಯಾಸ? ಉಪ್ಪಿನವರು ಹಗಲಲ್ಲಿ ಮುರಿದರು, ಹೆಸರು ಹೇಳಿ ಮುರಿದರು, ಮುರಿದದ್ದಕ್ಕೆ ತಾವೇ ಬೆಲೆ ತೆತ್ತರು. ಉಪ್ಪು ಎತ್ತಿದ ಕೈಗೇ ಬೇಡಿ ಬಿತ್ತು. ಕರ ಕೊಡದವನದೇ ತೋಟ ಹೋಯಿತು. ಡಿಕ್ಕಿಯಲ್ಲಿ ಬಾಟಲಿ ತರಿಸುವವನು ಕತ್ತಲಲ್ಲಿ ಮುರಿಯುತ್ತಾನೆ, ಲಾಭ ತಾನು ಇಟ್ಟುಕೊಳ್ಳುತ್ತಾನೆ, ಅಪಾಯವನ್ನು ಇನ್ನೊಬ್ಬನ ಬೆನ್ನಿಗೆ ಕಟ್ಟುತ್ತಾನೆ. ಕಾನೂನು ಸರಿಯಿಲ್ಲ ಎನ್ನುವ ವಾದ ಇಬ್ಬರಿಗೂ ಸಿಗುತ್ತದೆ. ಆ ವಾದಕ್ಕೆ ತೂಕ ಬರುವುದು ಮಾತ್ರ ಬೆಲೆ ತೆರಲು ಸಿದ್ಧನಿದ್ದವನ ಬಾಯಲ್ಲಿ.

ಕಾನೂನಿನ ಕಡೆಯೂ ಲೆಕ್ಕ ನೇರವಾಗಿಲ್ಲ ಎಂಬುದನ್ನು ಒಪ್ಪಬೇಕು. ನಮ್ಮ ಬೆಟ್ಟಗಳಲ್ಲಿ ಬೈನೆ ಮರವಿದೆ. ಅದರಿಂದ ಕಳ್ಳು ಇಳಿಸುವುದನ್ನೇ ತಲೆತಲಾಂತರದ ಕಸುಬು ಮಾಡಿಕೊಂಡ ಮನೆಗಳು ಘಟ್ಟದ ಮೇಲೂ ಕೆಳಗೂ ಇದ್ದವು. ಬ್ರಿಟಿಷರು 1878ರ ಮುಂಬಯಿ ಅಬಕಾರಿ ಕಾಯ್ದೆಯಲ್ಲಿ ಮರ ಕೆತ್ತುವುದಕ್ಕೂ ಪರವಾನಗಿ ಬೇಕೆಂದರು, ಬೊಕ್ಕಸ ತುಂಬಲೆಂದು. ಸ್ವತಂತ್ರ ಸರ್ಕಾರ ಅದನ್ನು ನಿಲ್ಲಿಸಿಯೇಬಿಟ್ಟಿತು, ಜನ ಉದ್ಧಾರವಾಗಲೆಂದು. ಹಿಂದಿನದ್ದು ದುರಾಸೆ, ಆಮೇಲಿನದ್ದು ಸದಾಶೆ. ಎರಡೂ ಸಲ ಏಣಿ ಇಳಿಯಬೇಕಾಗಿ ಬಂದವನು ಒಬ್ಬನೇ.

ಉಳ್ಳವರಿಗೆ ಬೇರೆ ಬಾಗಿಲುಗಳಿದ್ದವು. ಅಮೆರಿಕದಲ್ಲಿ ವೈದ್ಯರ ಚೀಟಿ ಇದ್ದರೆ ಔಷಧದಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತು. ಮುಂಬಯಿ ಸರ್ಕಾರವೂ ಆರೋಗ್ಯದ ಕಾರಣ ಕೊಟ್ಟವರಿಗೆ, ಪರದೇಶದವರಿಗೆ ಪರ್ಮಿಟ್ ಕೊಡುತ್ತಿತ್ತು. ಸೈನ್ಯದ ಮೆಸ್ಸುಗಳಿಗೆ ವಿನಾಯಿತಿ. 1951ರಲ್ಲಿ ಬಲ್ಸಾರಾ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಮುಂಬಯಿಯ ಕಾಯ್ದೆಯ ಬಹುಪಾಲನ್ನು ಎತ್ತಿಹಿಡಿಯಿತು. ಆಲ್ಕೋಹಾಲ್ ಬೆರೆತ ಔಷಧ, ಸುಗಂಧ ದ್ರವ್ಯಗಳನ್ನೂ ನಿಷೇಧಕ್ಕೆ ಸೇರಿಸಿದ್ದು ಮಾತ್ರ ಅತಿಯಾಯಿತು ಎಂದಿತು. ಪರ್ಮಿಟ್ ಇದ್ದವನ ಗ್ಲಾಸು ಔಷಧ, ಇಲ್ಲದವನ ಗಡಿಗೆ ಅಪರಾಧ. ಬೈನೆ ಮರ ಹತ್ತುವವನಿಗೆ ಯಾವ ಡಾಕ್ಟರು ಚೀಟಿ ಬರೆದುಕೊಟ್ಟಾರು?

ಪಾನನಿರೋಧ ಹೋದ ಮೇಲೆ ಸರ್ಕಾರದ ಮುಖವೇ ಬದಲಾಯಿತು. ಬೇಡವೆಂದು ಬುದ್ಧಿ ಹೇಳುತ್ತಿದ್ದದ್ದು ಗುರಿ ಇಟ್ಟು ಮಾರಿಸುವುದಾಯಿತು. 2025-26ರ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಈ ದುಡ್ಡಿನಲ್ಲಿ ಶಾಲೆ, ರಸ್ತೆ, ಆಸ್ಪತ್ರೆ ಎಲ್ಲ ನಡೆಯುತ್ತವೆ, ನಿಜ. ಆದರೆ ಮಾಜಾಳಿಯಲ್ಲಿ ನಿಂತ ಅಬಕಾರಿ ಕಾವಲುಗಾರ ಈಗ ಏನನ್ನು ಕಾಯುತ್ತಿದ್ದಾನೆ? 1950ರಲ್ಲಿ ಅವನ ಹಿಂದೆ ಒಂದು ಧರ್ಮದ ಮಾತಾದರೂ ಇತ್ತು. ಈಗ ಗಡಿಯ ಈಚೆ ಅದೇ ಮದ್ಯ ದೀಪ ಹಾಕಿದ ಅಂಗಡಿಯಲ್ಲಿ ಸಿಗುತ್ತದೆ. ಅವನು ತಡೆಯುವುದು ನಮಗೆ ಸುಂಕ ಕಟ್ಟದ ಮದ್ಯವನ್ನು. ಗೋವಾದಿಂದ ಬಂದ ಬಾಟಲಿಯಲ್ಲಿರುವ ದೋಷ ಅದರೊಳಗಿನ ದ್ರವದಲ್ಲಿಲ್ಲ, ತೆರಿಗೆಯಲ್ಲಿದೆ. ಹೀಗಾದ ಮೇಲೆ ಜಗಲಿಯವನಿಗೆ ನಾಚಿಕೆ ಎಲ್ಲಿಂದ ಬರಬೇಕು? "ಸರ್ಕಾರ ಮಾರಬಹುದು, ನಂಗ ಅಗ್ಗದ್ದು ತಂದರೆ ತಪ್ಪಾ?" ಎಂದು ಅವನು ಕೇಳುತ್ತಾನೆ. ಬ್ರಾಂಡೈಸ್ ಹೇಳಿದ ಮೇಷ್ಟ್ರ ಪಾಠ ಇಲ್ಲಿಗೂ ಮುಟ್ಟಿದೆ.

ಕಾವಲಿನ ಕಷ್ಟವೂ ಅಷ್ಟಿಷ್ಟಲ್ಲ. ನಮ್ಮ ದೇಶದ ಕೋಸ್ಟ್ ಗಾರ್ಡ್ ಹುಟ್ಟಿದ್ದರ ಹಿಂದಿನ ಒಂದು ದೊಡ್ಡ ಕಾರಣವೇ ಪಶ್ಚಿಮ ಕರಾವಳಿಯ ಕಳ್ಳಸಾಗಣೆ. ಎಪ್ಪತ್ತರ ದಶಕದ ಚಿನ್ನ, ವಾಚು, ಬಟ್ಟೆಯ ಹಾವಳಿ ನೋಡಿ ರುಸ್ತುಂಜಿ ಸಮಿತಿ ಶಿಫಾರಸು ಮಾಡಿತು. 1977ರ ಫೆಬ್ರುವರಿಯಲ್ಲಿ ದಳ ಆರಂಭವಾಗಿ, 1978ರ ಆಗಸ್ಟಿನಲ್ಲಿ ಕಾಯ್ದೆಯ ಬಲ ಪಡೆಯಿತು. ರಾಜ್ಯಕ್ಕೆ ಮಲ್ಪೆಯನ್ನು ಕೇಂದ್ರ ಮಾಡಿಕೊಂಡ ಕರಾವಳಿ ಕಾವಲು ಪೊಲೀಸ್ ಪಡೆಯಿದೆ, ಕಾರವಾರದಲ್ಲೂ ಅದರ ಠಾಣೆಯಿದೆ. 2008ರ ಮುಂಬಯಿ ದಾಳಿಯ ನಂತರ ಕಡಲ ಕಾವಲು ಎಂದರೆ ದೇಶದ ಜೀವದ ಪ್ರಶ್ನೆ. ಆಯುಧ ಬರುವ ದೋಣಿಗೂ ಅಗ್ಗದ ವಿಸ್ಕಿ ಬರುವ ದೋಣಿಗೂ ಕತ್ತಲಲ್ಲಿ ಬಣ್ಣ ಒಂದೇ. ನೋಡಿಯೂ ನೋಡದಂತಿರಲು ದುಡ್ಡು ತೆಗೆದುಕೊಂಡು ಅಭ್ಯಾಸವಾದ ಕಣ್ಣು ಇನ್ನೊಂದು ದಿನ ಸರಿಯಾಗಿ ನೋಡೀತು ಎಂದು ನಂಬುವುದು ಹೇಗೆ? ಒಂದು ಬಾಟಲಿಗೆ ಉಳಿಸಿದ ನೂರಿನ್ನೂರು ರೂಪಾಯಿಯಲ್ಲಿ ನಾವು ಕೊಂಡುಕೊಳ್ಳುವುದು ಆ ಕಣ್ಣಿನ ಅಭ್ಯಾಸವನ್ನೂ.

ಈಗ ನಮ್ಮ ಅಂಗಳಕ್ಕೇ ಬರೋಣ. ಶಿರಸಿ ಮಾರುಕಟ್ಟೆಯಲ್ಲಿ ರಾಶಿ, ಚಾಲಿ ಅಡಿಕೆಯ ದರ ಒಂದಿಷ್ಟು ಇಳಿಯಲಿ, ನಮ್ಮ ಮಾತೆಲ್ಲ ಕಳ್ಳ ಅಡಿಕೆಯ ಮೇಲೆ. ಮ್ಯಾನ್ಮಾರಿನ ಗಡಿಯಿಂದ ಮಿಜೋರಾಂ, ಅಸ್ಸಾಮಿನ ದಾರಿಯಲ್ಲಿ ನುಸುಳಿ ಬರುವ ಮಾಲು ನಮ್ಮ ಹೊಟ್ಟೆಗೆ ಹೊಡೆಯುತ್ತದೆ ಎಂದು ಮನವಿ ಕೊಡುತ್ತೇವೆ. ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಆ ಬೆಲೆಯ ಬೇಲಿ ಹಾರಿ ಬರುವವರನ್ನು ಹಿಡಿಯಿರಿ, ಗಡಿ ಬಿಗಿ ಮಾಡಿ ಎನ್ನುತ್ತೇವೆ. ನ್ಯಾಯವಾದ ಬೇಡಿಕೆಯೇ. ಮರ ಹತ್ತಿ ಕೊನೆ ಕೊಯ್ದವನ ಕೂಲಿ, ಮದ್ದು ಹೊಡೆದ ಖರ್ಚು, ಸುಲಿದು ಬೇಯಿಸಿ ಒಣಗಿಸಿದ ಮನೆಮಂದಿಯ ನಿದ್ದೆ ಎಲ್ಲ ಸೇರಿ ಆದ ಬೆಲೆಯನ್ನು ಕಳ್ಳಮಾಲು ಒಂದೇ ರಾತ್ರಿಯಲ್ಲಿ ಮುರಿಯುತ್ತದೆ.

ಆದರೆ ಎಲ್ಲೋ ದೂರದ ಊರಿನ ವ್ಯಾಪಾರಿ ಕಳ್ಳ ಅಡಿಕೆ ಕೊಳ್ಳುವಾಗ ಹೇಳಿಕೊಳ್ಳುವ ಸಮಾಧಾನ ಯಾವುದು? "ಎಲ್ಲರೂ ತರುತ್ತಾರೆ, ನಾನೊಬ್ಬನೇ ಏನು, ಇಲ್ಲಿಯ ದರ ಗೊತ್ತಿದೆಯಾ" ಎಂದೇ ಅಲ್ಲವೇ? ನಮ್ಮ ಮದುವೆಮನೆಯ ಮಾತು ಅಕ್ಷರ ಬಿಡದೆ ಅಲ್ಲಿ ಹೊರಡುತ್ತದೆ. ಗಡಿ ದಾಟಿ ಬಂದ ಅಡಿಕೆ ದೇಶದ್ರೋಹ, ಗಡಿ ದಾಟಿ ಬಂದ ಬಾಟಲಿ ಚಾಣಾಕ್ಷತನ ಎಂದು ಒಂದೇ ಬಾಯಲ್ಲಿ ಹೇಳಲು ಬರುವುದಿಲ್ಲ. ಜೇಬಿಗೆ ಪೆಟ್ಟು ಬಿದ್ದಾಗ ಮಾತ್ರ ನೆನಪಾಗುವ ಧರ್ಮಕ್ಕೆ ಧರ್ಮವೆಂಬ ಹೆಸರು ಸಲ್ಲದು, ಅದು ವ್ಯಾಪಾರದ ಒಂದು ಬಗೆ. ಇನ್ನೂ ಒಂದು ಮುಜುಗರದ ಮಾತಿದೆ. ನಾವು ಬೆಳೆದ ಅಡಿಕೆಯ ದೊಡ್ಡ ಪಾಲು ಗುಟ್ಕಾ ಕಾರ್ಖಾನೆಗೆ ಹೋಗುತ್ತಿತ್ತು. 2013ರ ಮೇ 31ರಂದು ಕರ್ನಾಟಕ ಗುಟ್ಕಾ ನಿಷೇಧಿಸಿದಾಗ ನಮ್ಮಲ್ಲಿ ಎಷ್ಟು ಮಂದಿ ಬಾಯಿ ಹುಣ್ಣಾದವರನ್ನು ನೆನೆದರು, ಎಷ್ಟು ಮಂದಿ ದರವನ್ನು ನೆನೆದರು ಎಂಬುದು ನಮಗೇ ಗೊತ್ತು. ಅಡಿಕೆಯವರಾದ ನಮಗೆ ಬೇರೆಯವರ ಚಟದ ಬಗ್ಗೆ ಎತ್ತರದ ಪೀಠದಿಂದ ಮಾತಾಡುವ ಅನುಕೂಲವಿಲ್ಲ.

ಪೂಜೆ ಮುಗಿದ ಮೇಲೆ ಪುರೋಹಿತರು ಹೇಳುವ ಒಂದು ವಿಚಾರವಿದೆ: ಮಾಡಿದವನು, ಮಾಡಿಸಿದವನು, ಹುರಿದುಂಬಿಸಿದವನು, ಒಪ್ಪಿ ತಲೆದೂಗಿದವನು, ನಾಲ್ವರಿಗೂ ಫಲದಲ್ಲಿ ಸಮಪಾಲು. ಪುಣ್ಯದ ಸಂದರ್ಭದಲ್ಲಿ ಇದನ್ನು ಕೇಳಿ ನಾವು ಸಂತೋಷದಿಂದ ಕೈ ಮುಗಿಯುತ್ತೇವೆ, ಏಕೆಂದರೆ ಏನೂ ಮಾಡದೆ ಕೂತವನಿಗೂ ಒಂದು ಪಾಲು ಸಿಗುತ್ತದೆ. ಅದೇ ಲೆಕ್ಕ ಪಾಪಕ್ಕೂ ಅನ್ವಯಿಸುತ್ತದೆಂದು ಹೇಳಿದರೆ ಪಂಕ್ತಿಯಲ್ಲಿ ಕಸಿವಿಸಿ. ನ್ಯಾಯಾಲಯ ಈ ಲೆಕ್ಕವನ್ನು ಪೂರ್ತಿ ಹಾಕಲಾರದು. ಅದಕ್ಕೆ ಸಾಕ್ಷಿ ಬೇಕು, ಜಪ್ತಿಯಾದ ಮಾಲು ಬೇಕು. ಕೈಗೆ ಸಿಕ್ಕವನು ದೋಣಿಯವನು ಅಥವಾ ಡ್ರೈವರು. ವಾಹನ ಸರ್ಕಾರದ ಪಾಲಾಗುತ್ತದೆ, ಜಾಮೀನಿಗೆ ಮನೆಯ ಒಡವೆ ಹೋಗುತ್ತದೆ. ಕೋರ್ಟು ಹಾಕಲಾಗದ ಉಳಿದ ಮೂರು ಪಾಲಿನ ಲೆಕ್ಕವನ್ನು ಮನಸ್ಸೇ ಹಾಕಬೇಕು. ನೀತಿ ಎಂಬುದಕ್ಕೆ ಕಾನೂನಿನ ಆಚೆ ಏನಾದರೂ ಕೆಲಸವಿದ್ದರೆ ಅದು ಇದೇ.

ಹಾಗಾದರೆ ಪಾನನಿರೋಧವೇ ಮತ್ತೆ ಬರಲಿ ಎನ್ನೋಣವೇ? ಸುಲಭದ ಉತ್ತರ ನನ್ನಲ್ಲಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕೊಟ್ಟೆ ಸಾರಾಯಿಯ ಕೊಟ್ಟೆಗಳು ಹಳ್ಳಿಯ ಗಟಾರದಿಂದ ಮಾಯವಾದವು. ಎಷ್ಟೋ ಹೆಂಗಸರು ಅಂದು ದೇವರಿಗೆ ದೀಪ ಹಚ್ಚಿದ್ದರು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಬಿಹಾರದಲ್ಲಿ 2016ರಿಂದ ನಿಷೇಧವಿದೆ, ಗಂಗೆಯ ದೋಣಿಗಳಲ್ಲಿ ಅದೇ ಹಳೆಯ ಆಟ ನಡೆದಿದೆ. ಇದನ್ನೆಲ್ಲ ನೋಡಿ ನಿಷೇಧವೇ ಮೂರ್ಖತನ ಎನ್ನುವ ಪಂಡಿತರಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಶನಿವಾರದ ಸಂಬಳ ಕೈಗೆ ಬರುವ ಮೊದಲೇ ಕರಗಿದ ಮನೆಯ ಅಡುಗೆಕೋಣೆ ಗೊತ್ತಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋಗಿ ಮದ್ಯ ನಿಲ್ಲಿಸಿ ಎಂದು ಕೇಳಿದರು. ಅವರು ಅರ್ಥಶಾಸ್ತ್ರ ಓದಿರಲಿಕ್ಕಿಲ್ಲ, ಪೆಟ್ಟು ತಿಂದಿದ್ದರು. ಅವರ ಬೇಡಿಕೆಗೆ ಎದುರಾಗಿ ಕಳ್ಳಸಾಗಣೆಯ ಅಂಕಿಸಂಖ್ಯೆ ಇಟ್ಟು ಬಾಯಿ ಮುಚ್ಚಿಸುವ ಹಕ್ಕು ಕಳ್ಳಮಾಲಿನ ಗಿರಾಕಿಗಂತೂ ಇಲ್ಲವೇ ಇಲ್ಲ. ಕಾಯ್ದೆಯನ್ನು ಸೋಲಿಸಿದವನೇ ಕಾಯ್ದೆ ಸೋತಿತು ನೋಡಿ ಎಂದು ಸಾಕ್ಷಿ ಹೇಳಿದರೆ ಕೇಳುವುದು ಹೇಗೆ?

ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ಒಂದು ವಿಷಯ ಗೊತ್ತು. ಧರ್ಮಸ್ಥಳದ ಕಡೆಯವರು ನಡೆಸುವ ಶಿಬಿರಕ್ಕೆ ಬಂದು ಕೂತವನನ್ನು ಪೊಲೀಸರು ಎಳೆದು ತಂದಿರುವುದಿಲ್ಲ. ಹೆಂಡತಿ ಅತ್ತಿರುತ್ತಾಳೆ, ಊರ ಹಿರಿಯರು ಮನೆಗೆ ಹೋಗಿ ಮಾತಾಡಿರುತ್ತಾರೆ, ಪಕ್ಕದ ಊರಿನ ಬಿಟ್ಟವನೊಬ್ಬ ಜೊತೆಗೆ ಬಂದಿರುತ್ತಾನೆ. ಬಿಟ್ಟವರಲ್ಲಿ ಕೆಲವರು ಮತ್ತೆ ಹಿಡಿಯುತ್ತಾರೆ, ಕೆಲವರು ಬಿಟ್ಟೇಬಿಡುತ್ತಾರೆ. ಗೆರೆಯನ್ನು ಹೊರಗೆ ಎಷ್ಟು ಮೈಲಿ ಸರಿಸಿದರೂ ಸಿಗದ ಫಲ ಒಬ್ಬೊಬ್ಬನ ಒಳಗೆ ಗೆರೆ ಬಿದ್ದಾಗ ಸಿಗುತ್ತದೆ. ಸರ್ಕಾರಕ್ಕೆ ಈ ಕೆಲಸ ಬರುವುದಿಲ್ಲ. ಊರಿಗೆ ಬರುತ್ತದೆ, ಊರು ಮನಸ್ಸು ಮಾಡಿದರೆ.

ಊರು ಮನಸ್ಸು ಮಾಡುವುದೆಂದರೆ ದೊಡ್ಡ ಪ್ರತಿಜ್ಞೆಯೇನೂ ಬೇಕಿಲ್ಲ. ಕುಡಿಯುವವನು ಇಲ್ಲಿಯ ಅಂಗಡಿಯಲ್ಲಿ ಇಲ್ಲಿಯ ಬೆಲೆ ಕೊಟ್ಟು ಕೊಳ್ಳಲಿ, ಬೆಲೆ ಹೆಚ್ಚಾಯಿತೆಂದರೆ ಕಡಿಮೆ ಕುಡಿಯಲಿ. ಮದುವೆಮನೆಯ ಯಜಮಾನ ಡಿಕ್ಕಿ ತೆರೆಯುವ ಅಳಿಯನನ್ನು ಹಿಂದೆ ಕರೆದು ಒಂದು ಮಾತು ಹೇಳಲಿ. ತೆರಿಗೆ ಅನ್ಯಾಯವೆನ್ನಿಸಿದರೆ, ಕರನಿರಾಕರಣೆ ಮಾಡಿದ ಸೀಮೆಯವರು ನಾವು, ಹಗಲಲ್ಲಿ ಹೆಸರು ಹೇಳಿ ಸರ್ಕಾರವನ್ನು ಕೇಳೋಣ. ಅದಕ್ಕೆ ಧೈರ್ಯವಿಲ್ಲದಿದ್ದರೆ ಕಾನೂನಿನ ತಪ್ಪುಗಳ ಮಾತನ್ನು ಬಾಟಲಿಯ ಮುಂದೆ ಕೂತು ಆಡುವುದು ಬೇಡ. ಅಗ್ಗಕ್ಕೆ ಸಿಕ್ಕಿದ್ದಕ್ಕೂ ಪೂರ್ತಿ ಬೆಲೆ ಇದ್ದೇ ಇದೆ. ಉಳಿದದ್ದನ್ನು ಕಾರವಾರದ ಕಡೆಯ ಯಾವುದೋ ಮನೆಯ ಹುಡುಗ ನಮ್ಮ ಪರವಾಗಿ ಕಟ್ಟುತ್ತಿದ್ದಾನೆ, ನಾವು ಅವನ ಹೆಸರನ್ನೂ ಕೇಳಿಲ್ಲ.